ಹಿರಿಯರ ತಂಡಕ್ಕೆ ಬಂದ ಹೊಸ ಹುಡುಗನನ್ನು ಆಡಿಸುವುದು ಹೇಗೆ: ಊರಿನ ಕಬಡ್ಡಿ ತಂಡ ನಡೆಸುವವರಿಗೆ

ತುಮಕೂರು ಜಿಲ್ಲೆಯಲ್ಲಿ ಸಂಕ್ರಾಂತಿ ಕಳೆದು ಜಾತ್ರೆಗಳು ಆರಂಭವಾಗುತ್ತಿದ್ದಂತೆ ಗುಬ್ಬಿ, ತುರುವೇಕೆರೆ, ಕುಣಿಗಲ್, ಶಿರಾ, ಮಧುಗಿರಿ ಎಂದು ಒಂದಲ್ಲ ಒಂದು ಕಡೆ ಹೊನಲು ಬೆಳಕಿನ ಕಬಡ್ಡಿ ಪಂದ್ಯಾವಳಿ ನಡೆಯುತ್ತಲೇ ಇರುತ್ತದೆ. ಯಾವ ಅಂಕಣದ ಬದಿಯಲ್ಲಿ ನಿಂತರೂ ಒಂದು ದೃಶ್ಯ ತಪ್ಪದೆ ಕಾಣುತ್ತದೆ. ಹೊಸ ಜೆರ್ಸಿ ತೊಟ್ಟು, ಮಂಡಿಗೆ ನೀಕ್ಯಾಪ್ ಏರಿಸಿ, ಶೂ ದಾರವನ್ನು ಎರಡೆರಡು ಸಲ ಬಿಗಿದುಕೊಂಡು, ರಾತ್ರಿ ಒಂದು ಗಂಟೆಯವರೆಗೂ ಬದಲಿ ಆಟಗಾರರ ಸಾಲಿನಲ್ಲಿ ಕೂತೇ ಇರುವ ಹದಿನೆಂಟು ಹತ್ತೊಂಬತ್ತರ ಹುಡುಗನ ದೃಶ್ಯ ಅದು. ಪಂದ್ಯ ಕೈತಪ್ಪಿ ಹದಿನೈದು ಅಂಕಗಳ ಅಂತರವಾದ ಮೇಲೆ ಕೊನೆಯ ಎರಡು ನಿಮಿಷಕ್ಕೆ ಅವನನ್ನು ಒಳಗೆ ಕಳಿಸಿ, ಹೊಸಬರಿಗೆ ಅವಕಾಶ ಕೊಟ್ಟೆವೆಂದು ನಾವು ಸಮಾಧಾನ ಮಾಡಿಕೊಳ್ಳುತ್ತೇವೆ.

ಗುಬ್ಬಿ ತಾಲ್ಲೂಕಿನ ಒಂದು ಊರಿನ ತಂಡವನ್ನು ನಾನು ಹಲವು ವರ್ಷಗಳಿಂದ ನೋಡಿಕೊಳ್ಳುತ್ತಿದ್ದೇನೆ. ಕಿರಿಯರ ತಂಡದಿಂದ ಮೇಲೆ ಬಂದ ಒಬ್ಬ ಹುಡುಗ ನಮ್ಮಲ್ಲಿದ್ದ. ಅಭ್ಯಾಸದಲ್ಲಿ ಅವನ ಟೋ ಟಚ್, ಅಂದರೆ ಕಾಲ್ಬೆರಳಿನಿಂದ ಎದುರಾಳಿಯನ್ನು ತಾಗಿಸುವ ಚಳಕ, ಎಷ್ಟು ಚುರುಕಾಗಿತ್ತೆಂದರೆ, ಅಂಕಣದ ಮೂಲೆ ಕಾಯುವ ನಮ್ಮ ಕಾರ್ನರ್ ಆಟಗಾರ ಪಾದವನ್ನು ಹಿಂದಕ್ಕೆ ಎಳೆದುಕೊಳ್ಳುವಷ್ಟರಲ್ಲಿ ಇವನು ತಾಗಿಸಿ ಅರ್ಧ ದಾರಿ ವಾಪಸು ಬಂದಿರುತ್ತಿದ್ದ. ಆ ವರ್ಷ 11 ಪಂದ್ಯಗಳಿಗೆ ಅವನನ್ನು ಕರೆದುಕೊಂಡು ಹೋದೆ. ವರ್ಷದ ಕೊನೆಯಲ್ಲಿ ಕೂತು ನೆನಪಿಸಿಕೊಂಡು ಲೆಕ್ಕ ಹಾಕಿದಾಗ, ಅವನಿಗೆ ಸಿಕ್ಕಿದ್ದು ಒಟ್ಟು 9 ರೈಡ್, ಅಂದರೆ ಎದುರಾಳಿ ಅಂಕಣಕ್ಕೆ ನುಗ್ಗುವ 9 ಸರದಿ. ಅದರಲ್ಲೂ 7 ರೈಡ್‌ಗಳು ನಾವು ಆಗಲೇ ಸೋತಾಗಿದ್ದ ಪಂದ್ಯಗಳವು. ಮರುವರ್ಷ ಅವನು ವಸಂತನರಸಾಪುರದ ಕೈಗಾರಿಕಾ ಪ್ರದೇಶದಲ್ಲಿ ಕೆಲಸಕ್ಕೆ ಸೇರಿದ. ಬೆಳಗಿನ ಪಾಳಿ ಮುಗಿಸಿ ಸಂಜೆ ಊರಲ್ಲೇ ಇದ್ದರೂ ಅಂಕಣದ ಕಡೆ ತಲೆ ಹಾಕಲಿಲ್ಲ. ಕೆಲಸ ಸಿಕ್ಕಿತು, ಆಟ ಬಿಟ್ಟ ಎಂದು ಊರಿನವರು ಹೇಳುತ್ತಾರೆ. ಆಡಿಸಿದ್ದರೆ ಬಿಡುತ್ತಿರಲಿಲ್ಲ ಎಂಬುದು ನನಗೆ ಗೊತ್ತು. ಆ ತಪ್ಪು ನನ್ನದು, ಮತ್ತು ಅದನ್ನು ಇನ್ನೊಬ್ಬರು ಮಾಡಬಾರದೆಂಬ ಕಾರಣಕ್ಕೆ, ಆ ಮೇಲೆ ನಾನು ರೂಢಿಸಿಕೊಂಡ ಕ್ರಮವನ್ನು ಇಲ್ಲಿ ಬರೆಯುತ್ತಿದ್ದೇನೆ.

ಹೊಸಬನಿಗೆ ಅವಕಾಶ ಕೊಡುವುದೆಂದರೆ ಪಂದ್ಯ ಇನ್ನೂ ಯಾರ ಕಡೆಗೂ ವಾಲದಿರುವಾಗ ಅವನನ್ನು ಆಡಿಸುವುದು. ಎಷ್ಟು ಆಡಿಸುತ್ತೇವೆಂಬುದನ್ನು ಪಂದ್ಯಕ್ಕೆ ಮೊದಲೇ ತೀರ್ಮಾನಿಸಿ, ಬಾಯಿಬಿಟ್ಟು ಹೇಳಿ, ಆ ಮಾತನ್ನು ಉಳಿಸಿಕೊಳ್ಳುವುದು. ಮುಂದಿನದೆಲ್ಲ ಇದನ್ನು ನಡೆಸುವ ಬಗೆ.

ನಿಮಿಷದ ಬದಲು ರೈಡ್ ಎಣಿಸಿ

ಬೇರೆ ಆಟಗಳಲ್ಲಿ ಆಟಗಾರನ ಪಾಲನ್ನು ನಿಮಿಷದಲ್ಲಿ ಅಳೆಯುತ್ತಾರೆ. ಉತ್ತರ ಅಮೆರಿಕದ ನ್ಯಾಷನಲ್ ಹಾಕಿ ಲೀಗ್‌ನ ಐಸ್ ಹಾಕಿಯಲ್ಲಿ ಪಂದ್ಯ 20 ನಿಮಿಷಗಳ ಮೂರು ಅವಧಿಗಳದ್ದು. 18 ಸ್ಕೇಟರ್‌ಗಳು ಮತ್ತು ಇಬ್ಬರು ಗೋಲ್‌ಕೀಪರ್‌ಗಳು ತಂಡದಲ್ಲಿರುತ್ತಾರೆ. ಮುಂಪಡೆಯ 12 ಮಂದಿ ಮೂವರು ಮೂವರಂತೆ ನಾಲ್ಕು ಸಾಲುಗಳಾಗಿ, ಒಂದೊಂದು ಸಲ ಮುಕ್ಕಾಲು ನಿಮಿಷದಷ್ಟು ಆಡಿ ಬದಲಾಗುತ್ತಾರೆ. ಕೆಳಹಂತದ ಲೀಗ್‌ನಿಂದ ಕರೆಸಿಕೊಂಡ ಹುಡುಗ ಗೋಲು ಹೊಡೆಯುವ ಪ್ರತಿಭೆಯವನಾಗಿದ್ದರೂ ಅವನನ್ನು ನಾಲ್ಕನೇ ಸಾಲಿಗೆ ಹಾಕಿ, ಏಳೆಂಟು ನಿಮಿಷ ಆಡಿಸಿ, ಗೋಲು ಬರಲಿಲ್ಲವೆಂದು ವಾಪಸು ಕಳಿಸುವ ತರಬೇತುದಾರರ ಬಗ್ಗೆ ಅಲ್ಲಿನ ಅಭಿಮಾನಿಗಳು ವರ್ಷವಿಡೀ ತಕರಾರು ಮಾಡುತ್ತಾರೆ. ಹಿಮದ ಆಟದ ಆ ತಕರಾರನ್ನು ಓದಿದಾಗ ನನಗೆ ನಮ್ಮೂರಿನ ಕೆಂಪು ಮಣ್ಣಿನ ಅಂಕಣವೇ ಕಣ್ಣ ಮುಂದೆ ಬಂತು.

ಆದರೆ ಕಬಡ್ಡಿಯಲ್ಲಿ ನಿಮಿಷದ ಲೆಕ್ಕ ನಮ್ಮನ್ನು ದಾರಿ ತಪ್ಪಿಸುತ್ತದೆ. ಏಳು ಮಂದಿಯಲ್ಲಿ ಒಬ್ಬನಾಗಿ ಇಳಿದ ಹುಡುಗ ಮೊದಲ ರೈಡ್‌ನಲ್ಲೇ ಔಟಾದರೆ ಹೊರಗೆ ಕೂರಬೇಕು. ತಂಡ ಅಂಕ ಗಳಿಸಿದಾಗ ಔಟಾದ ಕ್ರಮದಲ್ಲೇ ಒಬ್ಬೊಬ್ಬರಾಗಿ ಒಳಗೆ ಬರುವುದರಿಂದ, ಅವನ ಸರದಿ ಬರುವಷ್ಟರಲ್ಲಿ ಐದಾರು ನಿಮಿಷ ಕಳೆದಿರಬಹುದು. ಇನ್ನೊಂದು ಕಡೆ, ಅವನು 20 ನಿಮಿಷ ಅಂಕಣದಲ್ಲೇ ಇದ್ದರೂ ಇಬ್ಬರು ಹಿರಿಯ ರೈಡರ್‌ಗಳೇ ಸರದಿ ತೆಗೆದುಕೊಳ್ಳುತ್ತಿದ್ದರೆ ಅವನು ಮೂಲೆಯಲ್ಲಿ ಕೈಹಿಡಿದು ನಿಂತದ್ದಷ್ಟೇ ಆಗುತ್ತದೆ. ಆದ್ದರಿಂದ ರೈಡರ್ ಆದರೆ ಅವನು ಮಾಡಿದ ರೈಡ್‌ಗಳನ್ನು, ಡಿಫೆಂಡರ್ ಆದರೆ ಎದುರಾಳಿ ರೈಡರ್ ಅವನ ಕಡೆಗೆ ಬಂದ ಸಲಗಳನ್ನು ಎಣಿಸಬೇಕು.

ಲೆಕ್ಕ ಸುಲಭ. ಪುರುಷರ ಪಂದ್ಯ 20 ನಿಮಿಷಗಳ ಎರಡು ಅವಧಿಗಳದ್ದು, ಒಂದು ರೈಡ್‌ಗೆ 30 ಸೆಕೆಂಡ್. ಪ್ರತಿ ರೈಡರ್ ಪೂರ್ತಿ ಸಮಯ ತೆಗೆದುಕೊಂಡರೂ ಒಂದು ತಂಡಕ್ಕೆ ಸುಮಾರು 40 ರೈಡ್ ಸಿಗುತ್ತವೆ. ಹೆಂಗಸರ ಪಂದ್ಯಗಳಲ್ಲಿ ಅವಧಿ 15 ನಿಮಿಷದ್ದು, ಆದ್ದರಿಂದ 30 ರೈಡ್. ತಂಡಗಳು ಹೆಚ್ಚಾಗಿ ಬಂದುಬಿಟ್ಟರೆ ನಮ್ಮ ಕಡೆಯ ಆಯೋಜಕರು ರಾತ್ರಿ ಪಂದ್ಯದ ಅವಧಿಯನ್ನು ಇನ್ನೂ ಇಳಿಸುವುದುಂಟು. ಆಗ ಇಪ್ಪತ್ತಕ್ಕೂ ಕಡಿಮೆಯಾಗುತ್ತದೆ. ಇದರಲ್ಲಿ ಕಾಲು ಭಾಗ ಹೊಸ ರೈಡರ್‌ಗೆ ಎಂದು ನಾನು ಇಟ್ಟುಕೊಂಡಿದ್ದೇನೆ. ಪೂರ್ಣಾವಧಿಯ ಪಂದ್ಯದಲ್ಲಿ ಅದು 10 ರೈಡ್. ಅದಕ್ಕಿಂತ ಕಡಿಮೆಯಾದರೆ ಹುಡುಗನ ಬಗ್ಗೆ ನಮಗೇನೂ ತಿಳಿಯುವುದಿಲ್ಲ, ಹುಡುಗನಿಗೂ ತನ್ನ ಬಗ್ಗೆ ಏನೂ ತಿಳಿಯುವುದಿಲ್ಲ.

ನೋಟ್‌ಬುಕ್‌ನಲ್ಲಿ ಒಂದು ಪಂದ್ಯಕ್ಕೆ ಒಂದು ಪುಟ ಸಾಕು. ಪ್ರತಿ ರೈಡ್‌ಗೆ ಒಂದು ಗೆರೆ. ಆ ಹೊತ್ತಿಗೆ ಎದುರು ಎಷ್ಟು ಡಿಫೆಂಡರ್‌ಗಳಿದ್ದರು, ಅಂಕಗಳ ಅಂತರ ಎಷ್ಟಿತ್ತು, ಏನಾಯಿತು ಎಂಬುದು ಅದರ ಪಕ್ಕದಲ್ಲಿ. ಅಂತರ ಐದು ಅಂಕಕ್ಕಿಂತ ಕಡಿಮೆ ಇದ್ದಾಗಿನ ರೈಡ್‌ಗಳಿಗೆ ಸುತ್ತು ಹಾಕಿ. ಸುತ್ತು ಹಾಕಿದ ಗೆರೆಗಳೇ ನಿಜವಾದ ಅವಕಾಶ. ಈ ಕೆಲಸವನ್ನು ತರಬೇತುದಾರ ತಾನೇ ಮಾಡಲು ಹೋಗಬಾರದು, ಅವನ ಕಣ್ಣು ಆಟದ ಮೇಲಿರಬೇಕು. ಹೈಸ್ಕೂಲಿನ ಒಬ್ಬ ಹುಡುಗನ ಕೈಗೆ ಪುಸ್ತಕ ಕೊಟ್ಟು ನೋಡಿ. ಆಟ ಕಲಿಯಲು ಅದಕ್ಕಿಂತ ಒಳ್ಳೆಯ ಜಾಗ ಇಲ್ಲ, ಮುಂದಿನ ವರ್ಷ ಅವನೇ ನಿಮ್ಮ ಕಿರಿಯರ ತಂಡದಲ್ಲಿ ಇರುತ್ತಾನೆ.

ಮೊದಲ ಮಾತು ಹಿರಿಯನ ಜೊತೆ

ಊರಿನ ತಂಡದಲ್ಲಿ ಹಿರಿಯ ಆಟಗಾರ ಬರೀ ಆಟಗಾರನಲ್ಲ. ಜೆರ್ಸಿಗೆ ದುಡ್ಡು ಹಾಕಿದವನು ಅವನು, ಟೆಂಪೊ ಬಾಡಿಗೆ ಮಾತಾಡಿದವನು ಅವನು, ಜಾತ್ರೆಯ ಕಮಿಟಿಯಲ್ಲಿ ಅವನ ಚಿಕ್ಕಪ್ಪ ಇರುತ್ತಾರೆ. ಹೊಸ ಹುಡುಗನೂ ಅವನನ್ನು ‘ಅಣ್ಣ’ ಎಂದೇ ಕರೆಯುತ್ತಾನೆ. ಈ ಬಳಗದ ಭಾರವನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ, ಪಂದ್ಯದ ದಿನ ಅಂಕಣದ ಪಕ್ಕದಲ್ಲಿ ನಿಂತು ‘ನೀನು ಕೂತ್ಕೊ, ಅವನು ಆಡ್ತಾನೆ’ ಎಂದರೆ, ತಂಡ ಒಡೆಯುತ್ತದೆ ಮತ್ತು ಒಡೆದದ್ದರ ಹೊಣೆ ಪಾಪದ ಹುಡುಗನ ತಲೆಗೆ ಬರುತ್ತದೆ. ಆದ್ದರಿಂದ ಹುಡುಗನಿಗೆ ಹೇಳುವುದಕ್ಕೆ ಮೊದಲು ಹಿರಿಯನಿಗೆ ಹೇಳಬೇಕು. ಪಂದ್ಯಕ್ಕೆ ಕನಿಷ್ಠ ಮೂರು ನಾಲ್ಕು ದಿನ ಮುಂಚೆ, ಒಬ್ಬನೇ ಇರುವಾಗ, ಬೇರೆಯವರ ಮುಂದೆ ಅಲ್ಲದೆ ಹೇಳಬೇಕು.

ನಮ್ಮ ತಂಡದ ಹಿರಿಯ ರೈಡರ್‌ಗೆ ಮೂವತ್ತಮೂರು ವಯಸ್ಸಾಗಿದ್ದಾಗ ನಾನು ಅವನ ತೋಟಕ್ಕೇ ಹೋದೆ. ತೆಂಗಿನಕಾಯಿ ಕೆಡವಿಸುತ್ತಿದ್ದ. ರಾಶಿಯ ಪಕ್ಕದಲ್ಲಿ ಕೂತು ಮಾತಾಡಿದೆವು.

‘ಭಾನುವಾರದ ಮ್ಯಾಚಲ್ಲಿ ಮೊದಲ ಹಾಫ್ ಹುಡುಗನಿಗೆ ಬಿಡೋಣ ಅಂತಿದ್ದೀನಿ ಕಣಪ್ಪ. ಸೆಕೆಂಡ್ ಹಾಫ್ ನಿಂದು.’

ಅವನು ಸ್ವಲ್ಪ ಹೊತ್ತು ಏನೂ ಹೇಳಲಿಲ್ಲ. ಕಾಯಿಯೊಂದನ್ನು ಕೈಯಲ್ಲಿ ತಿರುಗಿಸುತ್ತಾ, ‘ನಾನು ಆಡೋದು ಸರಿ ಇಲ್ವಾ ಮೇಷ್ಟ್ರೇ?’ ಎಂದ.

‘ಸರಿ ಇದೆ. ಅದಕ್ಕೇ ಸೆಕೆಂಡ್ ಹಾಫ್ ನಿನಗೆ ಇಟ್ಟಿರೋದು. ಆದರೆ ಎರಡು ವರ್ಷ ಕಳೆದ ಮೇಲೆ ನಿನ್ನ ಜಾಗದಲ್ಲಿ ಯಾರು ಅಂತ ನೀನೇ ಹೇಳು.’

ಅದಕ್ಕೆ ಅವನ ಬಳಿ ಉತ್ತರವಿರಲಿಲ್ಲ, ನನ್ನ ಬಳಿಯೂ ಇರಲಿಲ್ಲ. ಮರುದಿನ ಸಂಜೆ ಅಭ್ಯಾಸಕ್ಕೆ ಬಂದವನು ತಾನಾಗಿಯೇ ಹುಡುಗನನ್ನು ಕರೆದು, ಬೋನಸ್ ಗೆರೆ (ದಾಟಿದರೆ ರೈಡರ್‌ಗೆ ಹೆಚ್ಚುವರಿ ಅಂಕ ಸಿಗುವ ಗೆರೆ) ದಾಟುವಾಗ ಹಿಂದಿನ ಕಾಲನ್ನು ಎತ್ತಿರಬೇಕೆಂಬುದನ್ನು ನಾಲ್ಕೈದು ಸಲ ಮಾಡಿ ತೋರಿಸಿದ. ಎಲ್ಲ ಹಿರಿಯರೂ ಹೀಗೆ ಒಪ್ಪುತ್ತಾರೆಂದು ನಾನು ಹೇಳುವುದಿಲ್ಲ. ಒಬ್ಬ ನನ್ನ ಜೊತೆ ಆರು ತಿಂಗಳು ಮಾತು ಬಿಟ್ಟಿದ್ದ. ಆದರೆ ನೇರವಾಗಿ, ಮೊದಲೇ ಹೇಳಿಸಿಕೊಂಡವನ ಕೋಪ ಇಳಿಯುತ್ತದೆ. ಅಂಕಣದ ಪಕ್ಕದಲ್ಲಿ ನಾಲ್ಕು ಜನರ ಮುಂದೆ ಕೂರಿಸಲ್ಪಟ್ಟವನ ಕೋಪ ಇಳಿಯುವುದಿಲ್ಲ.

ಹಿರಿಯನಿಗೆ ಹೇಳುವಾಗ ಅವನ ಪಾಲು ಯಾವುದೆಂಬುದನ್ನೂ ಅಷ್ಟೇ ಸ್ಪಷ್ಟವಾಗಿ ಹೇಳಬೇಕು. ಕೊನೆಯ ಹತ್ತು ನಿಮಿಷ, ನಾಯಕತ್ವ, ಟೈಮ್ ಔಟ್ ಯಾವಾಗ ಕೇಳಬೇಕೆಂಬ ತೀರ್ಮಾನ, ಇವೆಲ್ಲ ಅನುಭವ ಬೇಡುವ ಕೆಲಸಗಳು. ನನ್ನ ಅನುಭವದಲ್ಲಿ ವಯಸ್ಸು ಮೊದಲು ತಟ್ಟುವುದು ರೈಡರ್‌ಗೆ. ತಿರುಗುವ ವೇಗ ಕಡಿಮೆಯಾದ ಮೇಲೆ ಅವನನ್ನು ಎದುರಾಳಿಗಳು ಕಾದು ಹಿಡಿಯುತ್ತಾರೆ. ಕಾರ್ನರ್ ಆಡುವವನು ಮಾತ್ರ ಮೂವತ್ತೈದರವರೆಗೂ ಬೆಳೆಯುತ್ತಲೇ ಇರುತ್ತಾನೆ, ಏಕೆಂದರೆ ಆ ಜಾಗದಲ್ಲಿ ಕಾಲಿನ ವೇಗಕ್ಕಿಂತ ರೈಡರ್‌ನ ಹೆಜ್ಜೆ ಓದುವ ಕಣ್ಣು ಮುಖ್ಯ. ಹಾಗಾಗಿ ಹೊಸಬರಿಗೆ ಜಾಗ ಮಾಡಬೇಕೆಂದು ಹಳೆಯ ಕಾರ್ನರ್ ಆಟಗಾರನನ್ನು ಎಬ್ಬಿಸಲು ಆತುರಪಡಬೇಡಿ.

ಎಂಥ ರೈಡ್ ಕೊಡಬೇಕು

ಇದು ಅತಿ ಮುಖ್ಯವಾದ ಭಾಗ, ಮತ್ತು ಹೆಚ್ಚಿನ ತಂಡಗಳು ಎಡವುವುದು ಇಲ್ಲೇ.

ಎರಡು ರೈಡ್ ಸತತವಾಗಿ ಅಂಕವಿಲ್ಲದೆ ಹೋದರೆ ಮೂರನೆಯದು ಡು ಆರ್ ಡೈ ರೈಡ್. ಅದರಲ್ಲಿ ಅಂಕ ತರದೆ ಬಂದರೆ ರೈಡರ್ ಔಟ್. ಹಿರಿಯ ರೈಡರ್‌ಗಳು ಇಬ್ಬರಿರುವ ತಂಡದಲ್ಲಿ ಏನಾಗುತ್ತದೆ ಗಮನಿಸಿ. ಮೊದಲನೆಯವನು ಬಾಕ್ ಲೈನ್ (ರೈಡರ್ ದಾಟಲೇಬೇಕಾದ ಗೆರೆ) ದಾಟಿ ಸುರಕ್ಷಿತವಾಗಿ ವಾಪಸು ಬರುತ್ತಾನೆ, ಎರಡನೆಯವನೂ ಹಾಗೆಯೇ ಬರುತ್ತಾನೆ, ಮೂರನೆಯ ಸರದಿಗೆ ‘ಹೋಗೋ, ನೀನು ಹೋಗು’ ಎಂದು ಹುಡುಗನ ಬೆನ್ನು ತಟ್ಟುತ್ತಾರೆ. ಎದುರಿನ ಏಳು ಮಂದಿಗೂ ಅವನು ಒಳಗೆ ಬರಲೇಬೇಕೆಂದು ಗೊತ್ತಿರುತ್ತದೆ. ಅವನು ಸಿಕ್ಕಿಬೀಳುತ್ತಾನೆ, ಹೊರಗೆ ಕೂರುತ್ತಾನೆ, ಪಂದ್ಯ ಮುಗಿದ ಮೇಲೆ ‘ನಾಲ್ಕು ರೈಡ್ ಕೊಟ್ವಿ, ನಾಲ್ಕರಲ್ಲೂ ಔಟು’ ಎಂಬ ಮಾತು ಊರೆಲ್ಲ ಹಬ್ಬುತ್ತದೆ. ಹಿರಿಯರು ಇದನ್ನು ಕೆಟ್ಟ ಮನಸ್ಸಿನಿಂದ ಮಾಡುವುದಿಲ್ಲ. ತಾವು ಔಟಾದರೆ ತಂಡ ಕುಸಿಯುತ್ತದೆಂಬ ಹೆದರಿಕೆಯಿಂದ ಮಾಡುತ್ತಾರೆ. ಆದರೂ ಇದನ್ನು ನಿಲ್ಲಿಸಬೇಕು. ಹೊಸ ಹುಡುಗನ ಮೊದಲ ಎರಡು ಪಂದ್ಯಗಳಲ್ಲಿ ಡು ಆರ್ ಡೈ ರೈಡ್ ಅವನಿಗಿಲ್ಲ ಎಂದು ನಾನು ನಾಯಕನಿಗೆ ಮೊದಲೇ ಹೇಳಿರುತ್ತೇನೆ. ಮೂರನೇ ಪಂದ್ಯದಿಂದ ಒಂದೆರಡು ಕೊಡಬಹುದು, ಏಕೆಂದರೆ ಅದನ್ನೂ ಕಲಿಯಲೇಬೇಕು.

ಹಾಗಾದರೆ ಮೊದಲು ಕೊಡಬೇಕಾದದ್ದು ಯಾವುದು? ಎದುರು ನಾಲ್ಕು ಅಥವಾ ಐದು ಡಿಫೆಂಡರ್‌ಗಳಿರುವಾಗ ಅವನನ್ನು ಕಳಿಸಿ. ಏಳು ಮಂದಿ ತುಂಬಿದ ಅಂಕಣದಲ್ಲಿ ಹೊಸಬನಿಗೆ ಕಾಲಿಡಲು ಜಾಗವೇ ಕಾಣುವುದಿಲ್ಲ. ಮೂವರೋ ಇಬ್ಬರೋ ಉಳಿದಿರುವಾಗ ಸಿಕ್ಕಿಬಿದ್ದರೆ ಸೂಪರ್ ಟ್ಯಾಕಲ್ ಆಗಿ ಎದುರಾಳಿಗೆ ಒಂದು ಅಂಕ ಹೆಚ್ಚು ಹೋಗುತ್ತದೆ, ಆ ಬೈಗುಳ ಅವನಿಗೆ ಬೇಡ. ನಾಲ್ಕೈದು ಮಂದಿ ಇರುವಾಗ ಅವರ ಕೈಹಿಡಿದ ಸರಪಳಿ ಒಡೆದಿರುತ್ತದೆ, ಒಳಬದಿಯಲ್ಲಿ ನಿಲ್ಲುವ ಕವರ್‌ಗೂ ಕಾರ್ನರ್‌ಗೂ ನಡುವೆ ಜಾಗ ಬಿಟ್ಟಿರುತ್ತದೆ, ಓಡಿ ಕೈ ತಾಗಿಸಿ ಬರುವ ಹುಡುಗನಿಗೆ ಅದೇ ಒಳ್ಳೆಯ ಹೊತ್ತು. ಇದಕ್ಕೆ ಒಂದು ಅಪವಾದವಿದೆ: ಹುಡುಗನ ಕೈಯಲ್ಲಿರುವ ವಿದ್ಯೆ ಬೋನಸ್ ಆಗಿದ್ದರೆ, ಆರು ಅಥವಾ ಏಳು ಡಿಫೆಂಡರ್‌ಗಳಿರುವಾಗಲೇ ಕಳಿಸಬೇಕು, ಏಕೆಂದರೆ ಅದಕ್ಕಿಂತ ಕಡಿಮೆ ಇದ್ದರೆ ಬೋನಸ್ ಗೆರೆಗೆ ಅಂಕವೇ ಇಲ್ಲ. ಒಬ್ಬ ಹುಡುಗನನ್ನು ಮೇಲೆ ತರುವಾಗ ‘ಇವನು ಇವತ್ತು ಹಿರಿಯರ ಪಂದ್ಯದಲ್ಲಿ ಮಾಡಬಲ್ಲ ಒಂದು ಕೆಲಸ ಯಾವುದು’ ಎಂದು ಕೇಳಿಕೊಂಡು, ಆ ಕೆಲಸಕ್ಕೆ ಹೊಂದುವ ಹೊತ್ತನ್ನು ಅವನಿಗೆ ಹುಡುಕಿ ಕೊಡುವುದು ತರಬೇತುದಾರನ ಹೊಣೆ.

ಇದೆಲ್ಲ ಆಗಬೇಕಾದರೆ ಅವನು ಆರಂಭದ ಏಳು ಮಂದಿಯಲ್ಲಿಯೇ ಇರಬೇಕು. ಆಟಗಾರರ ಬದಲಾವಣೆಯನ್ನು ಟೈಮ್ ಔಟ್‌ನಲ್ಲೋ ವಿರಾಮದಲ್ಲೋ ರೆಫರಿಯ ಅನುಮತಿ ಪಡೆದು ಮಾಡಬೇಕಾಗುತ್ತದೆ; ಒಂದು ಅವಧಿಗೆ ಸಿಗುವುದು 30 ಸೆಕೆಂಡ್‌ಗಳ ಎರಡು ಟೈಮ್ ಔಟ್. ಔಟಾಗಿ ಹೊರಗೆ ಕೂತವನ ಬದಲಿಗೆ ಇನ್ನೊಬ್ಬನನ್ನು ಇಳಿಸುವಂತೆಯೂ ಇಲ್ಲ. ಬಿಸಿ ಏರಿದ ಪಂದ್ಯದ ನಡುವೆ, ಹೊಸ ಹುಡುಗನನ್ನು ಇಳಿಸುವುದಕ್ಕಾಗಿ ಒಂದು ಟೈಮ್ ಔಟ್ ಖರ್ಚು ಮಾಡುವ ತರಬೇತುದಾರನನ್ನು ನಾನು ಕಂಡಿಲ್ಲ. ‘ಸಮಯ ನೋಡಿ ಇಳಿಸುತ್ತೇನೆ’ ಎಂದರೆ ಇಳಿಸುವುದಿಲ್ಲ ಎಂದೇ ಅರ್ಥ. ಮೊದಲ ಅವಧಿ ಹುಡುಗನಿಗೆ, ವಿರಾಮದಲ್ಲಿ ಬೇಕಾದರೆ ಬದಲಾವಣೆ. ಈ ಕ್ರಮವೇ ಸುಲಭ. ಮೈ ಬಿಸಿಯಾಗಿರುವಾಗ, ಹಿರಿಯರೊಂದಿಗೇ ಅಂಕಣಕ್ಕೆ ನಮಸ್ಕರಿಸಿ ಇಳಿಯುವುದಕ್ಕೂ, ಒಂದು ಗಂಟೆ ಚಳಿಯಲ್ಲಿ ಕೂತು ಎದ್ದು ಓಡುವುದಕ್ಕೂ ಮೊಣಕಾಲಿಗೆ ಆಗುವ ವ್ಯತ್ಯಾಸ ಕಡಿಮೆಯದಲ್ಲ.

ಡಿಫೆನ್ಸ್‌ನ ಹುಡುಗನ ವಿಷಯ ಬೇರೆ. ರೈಡರ್ ಒಬ್ಬನೇ ಹೋಗಿ ಒಬ್ಬನೇ ಬರುತ್ತಾನೆ, ಆದರೆ ಹಿಡಿಯುವುದು ಜೋಡಿಯ ಕೆಲಸ. ಹೊಸ ಕವರ್ ಆಟಗಾರನನ್ನು ಇಳಿಸಿದರೆ ಅವನ ಪಕ್ಕದ ಕಾರ್ನರ್‌ನಲ್ಲಿ ಹಳಬನೇ ಇರಬೇಕು. ಹೊಸ ಕಾರ್ನರ್‌ಗೆ ಹಳೆಯ ಕವರ್ ಜೊತೆಗಿರಬೇಕು. ಒಂದೇ ಬದಿಯಲ್ಲಿ ಇಬ್ಬರು ಹೊಸಬರನ್ನು ನಿಲ್ಲಿಸಿದರೆ ಇಬ್ಬರೂ ಒಬ್ಬರಿಗೊಬ್ಬರು ಕಾಯುತ್ತಾ ರೈಡರ್‌ನನ್ನು ಬಿಟ್ಟುಕೊಡುತ್ತಾರೆ. ಅಭ್ಯಾಸದಲ್ಲೂ ಅದೇ ಜೋಡಿ ಹದಿನೈದು ದಿನವಾದರೂ ಕೈಹಿಡಿದು ಆಡಿರಬೇಕು. ಹುಡುಗರಿಗೆ ಮುಂಚಿತವಾಗಿ ನುಗ್ಗುವ ಚಟ ಇರುತ್ತದೆ, ಕಣಕಾಲು ಹಿಡಿಯುವ ಆಂಕಲ್ ಹೋಲ್ಡ್‌ಗೆ ಅರ್ಧ ಕ್ಷಣ ಮೊದಲೇ ಬೀಳುತ್ತಾರೆ. ಅದನ್ನು ಬೈದು ತಿದ್ದಲಾಗದು. ‘ಅಣ್ಣ ಕೈ ಒತ್ತಿದಾಗ ಮಾತ್ರ ಬೀಳು’ ಎಂದು ಪಕ್ಕದ ಹಿರಿಯನ ಕೈಗೆ ಆ ತೀರ್ಮಾನವನ್ನು ಕೊಟ್ಟರೆ, ನಾಲ್ಕೈದು ಪಂದ್ಯಗಳಲ್ಲಿ ಅವನಿಗೇ ಹೊತ್ತು ತಿಳಿಯುತ್ತದೆ.

ಔಟಾದ ಮೇಲೆ

ಹುಡುಗ ಔಟಾಗುತ್ತಾನೆ. ಮೊದಲ ಪಂದ್ಯದಲ್ಲಿ ಹೆಚ್ಚಾಗಿಯೇ ಔಟಾಗುತ್ತಾನೆ. ಆ ಕ್ಷಣದಲ್ಲಿ ಜನ ಕೂಗುತ್ತಾರೆ, ಮೈಕಿನಲ್ಲಿ ವೀಕ್ಷಕ ವಿವರಣೆಯವರು ಒಂದು ಮಾತು ಸೇರಿಸುತ್ತಾರೆ, ಊರಿನ ಹಿರಿಯರೊಬ್ಬರು ಕುರ್ಚಿಯಿಂದ ಎದ್ದು ‘ಅವನನ್ಯಾಕೆ ಇಳಿಸಿದ್ರಿ’ ಎಂದು ಕೇಳುತ್ತಾರೆ. ಆಗ ತರಬೇತುದಾರನ ಮುಖವನ್ನು ಹುಡುಗ ನೋಡುತ್ತಿರುತ್ತಾನೆ. ಏನೂ ಹೇಳದೆ, ಪಕ್ಕದಲ್ಲಿ ಕೂರಿಸಿಕೊಂಡು, ‘ಮುಂದಿನ ಸಲ ಒಳಗೆ ಹೋದಾಗ ಮೊದಲ ರೈಡ್ ನಿಂದೇ’ ಎಂದು ಹೇಳಿ, ಅವನು ಒಳಗೆ ಹೋಗುತ್ತಲೇ ಅದನ್ನು ಕೊಡಿಸಬೇಕು. ಒಂದು ತಪ್ಪಿಗೆ ಹೊರಗೆ ಕರೆದರೆ, ಮುಂದಿನ ಪಂದ್ಯದಲ್ಲಿ ಅವನು ತಪ್ಪು ಮಾಡದಿರುವುದಕ್ಕಾಗಿಯೇ ಆಡುತ್ತಾನೆ. ಬಾಕ್ ಲೈನ್ ದಾಟಿದ ಕೂಡಲೇ ತಿರುಗಿ ಬರುತ್ತಾನೆ. ಅಂಥ ರೈಡರ್‌ಗಳು ನಮ್ಮ ಜಿಲ್ಲೆಯಲ್ಲಿ ಈಗಾಗಲೇ ಬೇಕಾದಷ್ಟಿದ್ದಾರೆ.

ಇದಕ್ಕೆ ಉಪಾಯವೆಂದರೆ ಪಂದ್ಯಗಳ ಸಂಖ್ಯೆಯನ್ನು ಮೊದಲೇ ಕಟ್ಟಿಕೊಳ್ಳುವುದು. ಐಸ್ ಹಾಕಿಯ ಆ ಲೀಗ್‌ನಲ್ಲಿ 18, 19 ವಯಸ್ಸಿನ ಆಟಗಾರ ಹತ್ತನೇ ಪಂದ್ಯ ಆಡಿದರೆ ಮಾತ್ರ ಅವನ ಮೊದಲ ಒಪ್ಪಂದದ ಒಂದು ವರ್ಷ ಖರ್ಚಾಗುತ್ತದೆ. ಹಾಗಾಗಿ ಕ್ಲಬ್‌ಗಳು ಒಂಬತ್ತು ಪಂದ್ಯಗಳವರೆಗೆ ಆಡಿಸಿ ನೋಡಿ ಆ ಮೇಲೆ ತೀರ್ಮಾನಿಸುತ್ತವೆ. ಅವರ ಕಾರಣ ದುಡ್ಡಿನದು, ನಮ್ಮಲ್ಲಿ ಒಪ್ಪಂದವೂ ಇಲ್ಲ, ದುಡ್ಡೂ ಇಲ್ಲ. ಆದರೆ ಇಷ್ಟು ಪಂದ್ಯಗಳವರೆಗೆ ತೀರ್ಪು ಇಲ್ಲ ಎಂಬ ಕಟ್ಟು ನಮಗೂ ಬೇಕು. ನಾನು ಐದು ಪಂದ್ಯ ಎಂದು ಇಟ್ಟುಕೊಂಡಿದ್ದೇನೆ. ‘ಐದು ಪಂದ್ಯ ನೀನು ಮೊದಲ ಏಳರಲ್ಲಿ ಇರುತ್ತೀಯ, ಹೇಗೇ ಆಡಿದರೂ’ ಎಂದು ಹುಡುಗನಿಗೆ ಎಲ್ಲರ ಮುಂದೆ ಹೇಳುತ್ತೇನೆ. ಎಲ್ಲರ ಮುಂದೆ ಹೇಳಿದ್ದರಿಂದ, ಎರಡನೇ ಪಂದ್ಯ ಸೋತಾಗ ನನಗೇ ಮನಸ್ಸು ಬದಲಿಸಲು ದಾರಿ ಇರುವುದಿಲ್ಲ.

ಇಷ್ಟು ತಾಳ್ಮೆ ಬೇಕೇ ಎಂದು ಕೇಳುವವರಿಗೆ ಪ್ರೊ ಕಬಡ್ಡಿಯ ಒಂದು ಉದಾಹರಣೆ ಸಾಕು. ಪವನ್ ಸೆಹ್ರಾವತ್ 2016ರಲ್ಲಿ ಬೆಂಗಳೂರು ಬುಲ್ಸ್ ತಂಡದಲ್ಲಿದ್ದರು, ಆಮೇಲೆ ಗುಜರಾತ್ ತಂಡಕ್ಕೆ ಹೋದರು. ಅಲ್ಲಿ ಅವರ ಪಾಲಿಗೆ ಬಂದದ್ದು ಹೆಚ್ಚಾಗಿ ಬೆಂಚು. ಆರನೇ ಆವೃತ್ತಿಗೆ ಬುಲ್ಸ್‌ಗೆ ಮರಳಿ, ಮುಖ್ಯ ರೈಡರ್ ಆಗಿ ಆಡಿದ ಒಂದೇ ವರ್ಷದಲ್ಲಿ 271 ರೈಡ್ ಅಂಕ ತಂದರು. 2019ರ ಜನವರಿ 5ರಂದು ಮುಂಬೈಯಲ್ಲಿ ನಡೆದ ಫೈನಲ್‌ನಲ್ಲಿ, ತಮ್ಮನ್ನು ಬೆಂಚಿನಲ್ಲಿ ಕೂರಿಸಿದ್ದ ಅದೇ ಗುಜರಾತ್ ಎದುರು 22 ಅಂಕ ಗಳಿಸಿ ಬೆಂಗಳೂರಿಗೆ ಮೊದಲ ಪ್ರಶಸ್ತಿ ತಂದುಕೊಟ್ಟರು. ಒಂದೇ ಮನುಷ್ಯ, ಅವೇ ಕಾಲುಗಳು. ಕರ್ನಾಟಕದವರೇ ಆದ ಬಿ.ಸಿ. ರಮೇಶ್ ತರಬೇತಿಯಲ್ಲಿ 2024ರ ಮಾರ್ಚ್ 1ರಂದು ಪ್ರಶಸ್ತಿ ಗೆದ್ದ ಪುಣೇರಿ ಪಲ್ಟನ್ ತಂಡವೂ ನೆನಪಾಗುತ್ತದೆ. ಅಸ್ಲಂ ಇನಾಮದಾರ್ ಅಂಥ ಎಳೆಯನ ಕೈಗೆ ನಾಯಕತ್ವ ಕೊಟ್ಟು, ಹುಡುಗರನ್ನೇ ನಂಬಿ ಆಡಿಸಿದ ತಂಡ ಅದು.

ಯಾವ ಪಂದ್ಯಾವಳಿಯಲ್ಲಿ

ನಮ್ಮ ಕಡೆಯ ಪಂದ್ಯಾವಳಿಗಳು ಬಹುತೇಕ ನಾಕೌಟ್. ಹದಿನಾರು ತಂಡ ಬಂದರೆ ನಾಲ್ಕು ಪಂದ್ಯ ಗೆದ್ದವರಿಗೆ ಕಪ್, ಒಂದು ಸೋತವರು ಮನೆಗೆ. ‘ಸೋತರೆ ಹೋಯಿತು, ಹೊಸಬನನ್ನು ಹೇಗೆ ಇಳಿಸಲಿ’ ಎಂಬ ಪ್ರಶ್ನೆಗೆ ಇದೇ ಬೇರು. ಅದಕ್ಕೆ ನಾನು ಕಂಡುಕೊಂಡ ದಾರಿ, ಹುಡುಗನ ಐದು ಪಂದ್ಯಗಳನ್ನು ಒಂದೇ ಬಗೆಯ ಪಂದ್ಯಾವಳಿಯಿಂದ ಆರಿಸದಿರುವುದು. ಒಂದೆರಡನ್ನು ಪಕ್ಕದ ಊರಿನ ತಂಡದ ಜೊತೆ ಭಾನುವಾರ ಬೆಳಿಗ್ಗೆ ಪೂರ್ಣಾವಧಿಯ ಸೌಹಾರ್ದ ಪಂದ್ಯವಾಗಿ ಇಟ್ಟುಕೊಳ್ಳಿ. ಬಹುಮಾನ ಇಲ್ಲ, ಜನ ಇಲ್ಲ, ಆದರೆ ಎದುರು ನಿಂತವರು ಹಿರಿಯರೇ. ಇನ್ನೊಂದನ್ನು ತೂಕದ ಮಿತಿ ಇರುವ ಪಂದ್ಯಾವಳಿಯಲ್ಲಿ ಆಡಿಸಿ. 60 ಕೆ.ಜಿ. ಮಿತಿ ಎಂದರೆ ಮದುವೆಯಾಗಿ ಹೊಟ್ಟೆ ಬಂದ ಹಿರಿಯರು ತಾವಾಗಿಯೇ ಹೊರಗುಳಿಯುತ್ತಾರೆ, ಯಾರ ಮನಸ್ಸೂ ನೋಯುವುದಿಲ್ಲ. ತಾಲ್ಲೂಕು ಮಟ್ಟದ ದಸರಾ ಕ್ರೀಡಾಕೂಟವೂ ಒಳ್ಳೆಯ ಜಾಗ. ಅಲ್ಲಿ ಗೆದ್ದವರು ಜಿಲ್ಲಾ ಮಟ್ಟಕ್ಕೆ, ಅಲ್ಲಿಂದ ವಿಭಾಗಕ್ಕೆ, ಕೊನೆಗೆ ಮೈಸೂರಿಗೆ ಹೋಗುವ ಸಾಧ್ಯತೆ ಇರುವುದರಿಂದ ಹುಡುಗನಿಗೆ ಹುಮ್ಮಸ್ಸೂ ಇರುತ್ತದೆ. ದೊಡ್ಡ ಬಹುಮಾನದ ಹೊನಲು ಬೆಳಕಿನ ಪಂದ್ಯಾವಳಿಯ ಮೊದಲ ಸುತ್ತನ್ನು ನಾಲ್ಕನೆಯದೋ ಐದನೆಯದೋ ಆಗಿ ಇಡಿ, ಆದರೆ ಇಟ್ಟೇ ಇಡಿ. ಜನರ ಗದ್ದಲದ ನಡುವೆ ಆಡದವನನ್ನು ಆಡಿಸಿದೆವೆಂದು ಹೇಳಲಾಗದು.

ಹಿರಿಯನೊಬ್ಬ ಮದುವೆಗೋ ಅಡಿಕೆ ಕೊಯ್ಲಿಗೋ ಹೋಗಿ ತಂಡದಲ್ಲಿ ಜಾಗ ಖಾಲಿಯಾದಾಗ ಹುಡುಗನನ್ನು ಹಾಕಿಕೊಂಡರೆ ಅದನ್ನು ಈ ಐದರಲ್ಲಿ ಸೇರಿಸಬಾರದು. ಅದು ನಮ್ಮ ಅಗತ್ಯಕ್ಕೆ ಆಡಿಸಿದ್ದು.

ಆಡಿಸಬಾರದ ಹೊತ್ತೂ ಇದೆ. ಹದಿನಾರು ತುಂಬದ ಹುಡುಗನನ್ನು, ಎಷ್ಟೇ ಚುರುಕಾಗಿದ್ದರೂ, ತೂಕದ ಮಿತಿ ಇಲ್ಲದ ಹಿರಿಯರ ಪಂದ್ಯಕ್ಕೆ ನಾನು ಇಳಿಸುವುದಿಲ್ಲ, 80 ಕೆ.ಜಿ. ತೂಗುವವರು ಮೂವರು ಮೇಲೆ ಬಿದ್ದರೆ ಎಳೆಯ ಮಂಡಿ, ಭುಜ ತಡೆಯುವುದಿಲ್ಲ. ನೀರು ಹಾಕಿ ಹದ ಮಾಡದ ಗಟ್ಟಿ ನೆಲದಲ್ಲಿಯೂ ಬೇಡ. ಮಾರ್ಚ್ ತಿಂಗಳಲ್ಲಿ ಪಿಯುಸಿ, ಎಸ್ಸೆಸ್ಸೆಲ್ಸಿ ಪರೀಕ್ಷೆ ಇರುವವನ ಮನೆಗೆ ಹೋಗಿ ‘ಒಂದು ರಾತ್ರಿ ಕಳಿಸಿಕೊಡಿ’ ಎಂದು ಕೇಳಬೇಡಿ. ಹಾಗೆ ಕೇಳಿದ ತಂಡಕ್ಕೆ ಆ ಬೀದಿಯ ತಾಯಂದಿರು ಮುಂದೆ ಯಾವ ಹುಡುಗನನ್ನೂ ಕಳಿಸುವುದಿಲ್ಲ. ಹುಡುಗಿಯರ ತಂಡ ನಡೆಸುವವರು ಇನ್ನೂ ಬೇಗ ಅವಕಾಶ ಕೊಡಬೇಕು; ಪದವಿ ಮುಗಿಯುತ್ತಿದ್ದಂತೆ ಮದುವೆಯ ಮಾತು ಬಂದು ಆಟ ನಿಲ್ಲುವುದನ್ನು ನಾವೆಲ್ಲ ಕಂಡಿದ್ದೇವೆ, ಎರಡು ವರ್ಷ ಬೆಂಚಿನಲ್ಲಿ ಕಳೆಯುವಷ್ಟು ಕಾಲ ಅವರ ಬಳಿ ಇಲ್ಲ.

ಐದು ಪಂದ್ಯ ಮುಗಿದ ಮೇಲೆ

ಐದನೇ ಪಂದ್ಯದ ಮರುದಿನ ನೋಟ್‌ಬುಕ್ ತೆಗೆದು, ಹುಡುಗನನ್ನೂ ಅವನ ಜಾಗದ ಹಿರಿಯನನ್ನೂ ಒಟ್ಟಿಗೆ ಕೂರಿಸಿಕೊಂಡು ಓದಬೇಕು. ಅಂಕ ಎಷ್ಟು ತಂದ ಎಂಬುದಕ್ಕಿಂತ ಮೊದಲು, ಸುತ್ತು ಹಾಕಿದ ರೈಡ್‌ಗಳು ಎಷ್ಟು ಎಂದು ನೋಡಿ. ಅವು 20ಕ್ಕಿಂತ ಕಡಿಮೆ ಇದ್ದರೆ ತಪ್ಪು ಹುಡುಗನದಲ್ಲ, ಮಾತಿಗೆ ತಪ್ಪಿದವರು ನಾವು. ಇನ್ನೆರಡು ಪಂದ್ಯ ಸೇರಿಸಿ. ಸಾಕಷ್ಟಿದ್ದರೆ, ನಾಲ್ಕೈದನೇ ಪಂದ್ಯದಲ್ಲಿ ಅವನು ಔಟಾದ ಬಗೆ ಮೊದಲ ಪಂದ್ಯದಲ್ಲಿ ಔಟಾದ ಬಗೆಗಿಂತ ಬೇರೆಯಾಗಿದೆಯೇ ಎಂದು ನೋಡಿ. ತೊಡೆ ಹಿಡಿಯುವ ಒಂದೇ ಥೈ ಹೋಲ್ಡ್‌ಗೆ ಐದು ಪಂದ್ಯಗಳಲ್ಲೂ ಸಿಕ್ಕಿಬಿದ್ದಿದ್ದರೆ ಅವನಿಗೆ ಕೆಳಗಿನ ತಂಡದಲ್ಲಿ ಇನ್ನಷ್ಟು ಅಭ್ಯಾಸ ಬೇಕು. ಬೇರೆ ಬೇರೆ ಬಗೆಯಲ್ಲಿ ಸಿಕ್ಕಿಬಿದ್ದಿದ್ದರೆ ಅವನು ಕಲಿಯುತ್ತಿದ್ದಾನೆ, ಅವನನ್ನು ಬಿಡಬೇಡಿ.

ಕೆಳಗಿನ ತಂಡಕ್ಕೆ ಕಳಿಸುವುದಾದರೆ ಕಾರಣವನ್ನೂ ದಿನವನ್ನೂ ಹೇಳಿ ಕಳಿಸಿ. ‘ಥೈ ಹೋಲ್ಡ್‌ನಿಂದ ಬಿಡಿಸಿಕೊಳ್ಳುವುದನ್ನು ಕಲಿ, ಗಣೇಶನ ಹಬ್ಬದ ಪಂದ್ಯಾವಳಿಗೆ ಮತ್ತೆ ಕರೆಯುತ್ತೇನೆ’ ಎಂದು ಹೇಳಿ, ಹಬ್ಬ ಬಂದಾಗ ಅವನ ಮನೆಯ ಬಾಗಿಲಿಗೆ ನೀವೇ ಹೋಗಿ ಕರೆಯಿರಿ. ಕಳೆದ ವರ್ಷ ನಾನು ಹಾಗೆ ಹೋದಾಗ, ಹುಡುಗ ಹಟ್ಟಿಯಲ್ಲಿ ಹಸುಗಳಿಗೆ ಮೇವು ಹಾಕುತ್ತಿದ್ದ. ನನ್ನನ್ನು ಕಂಡು ಮೇವನ್ನು ಅಲ್ಲೇ ಬಿಟ್ಟು ಒಳಗೆ ಓಡಿದ. ಹೊರಗೆ ಬರುವಾಗ ಜೆರ್ಸಿ ಹಾಕಿಕೊಂಡೇ ಬಂದ.